ವಾಯರಿನ ಆ ತುದಿ

ಭೂತ, ಶಕುನ ಎಂದೆಲ್ಲ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಕರೆಂಟು ಕೂಡ ಕಣ್ಣಿಗೆ ಕಾಣುವುದಿಲ್ಲವಲ್ಲ ಎಂದು ಒಬ್ಬ ಬುದ್ಧಿವಂತ ವಾದ ಹೂಡಿದಾಗ, ಮುಟ್ಟಿ ನೋಡು, ಇದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದಿದ್ದೆ. ಆ ಮಾತನ್ನು ಈಗಲೂ ಹಿಂತೆಗೆದುಕೊಂಡಿಲ್ಲ. ಆದರೆ ಒಂದು ಮಧ್ಯಾಹ್ನದ ಸಂಗತಿ ಮಾತ್ರ ನನ್ನ ಬಾಯಿ ಮುಚ್ಚಿಸಿದೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಮುಂಬಯಿಯ ಫೋರ್ಟಿನ ಒಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ ವಾಯರ್‌ಮನ್. ಜೊತೆಗಿದ್ದವನು ವಾಸು, ನನ್ನ ತಂಗಿಯ ಗಂಡ. ಘಾಟ್ಕೋಪರಿನ ಚಾಳಿನಲ್ಲಿ ಅವರ ಸಂಸಾರ. ತಂಗಿಗೆ ಆಗ ಏಳು ತಿಂಗಳು. ಅವಳ ಮುಖ ನೋಡಿ ಅವನನ್ನು ಕೆಲಸಕ್ಕೆ ಸೇರಿಸಿದ್ದೆನೇ ಹೊರತು ಅವನ ಮುಖ ನೋಡಿ ಅಲ್ಲ. ಆಮೆಗೂ ಅವನಿಗೂ ಓಟ ಇಟ್ಟರೆ ನಾನು ಆಮೆಯ ಕಡೆ. ಎಲ್ಲಿ ಒರಗಿದರೂ ನಿದ್ದೆ ಬೇರೆ.

ಮಝಗಾಂವ್ ದಡದಲ್ಲಿ ಹಳೆಯ ಮೋಟಾರು ದೋಣಿ, ಲಾಂಚೊಂದನ್ನು ನೆಲಕ್ಕೆ ಎಳೆದು ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ಅದರ ಕೊಳೆತ ವಾಯರ್ ತೆಗೆದು ಹೊಸದು ಹಾಕಬೇಕಿತ್ತು. ವಾಸು ಚಪ್ಪಲಿ ಕೆಳಗೆ ಬಿಟ್ಟು, ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದ. ಚಪ್ಪಲಿ ಮೆಟ್ಟಿ ದೋಣಿ ಹತ್ತಬಾರದಂತೆ. ಇದೇನು ದೇವಸ್ಥಾನವೋ ಎಂದು ನಾನು ಬೂಟುಗಾಲಲ್ಲೇ ಹತ್ತಿದೆ.

ತಳದಲ್ಲಿ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ತೆವಳುವಷ್ಟೇ ಜಾಗ. ಹೊಸ ವಾಯರನ್ನು ಹಳೆಯದರ ತುದಿಗೆ ಕಟ್ಟಿ, ಆ ಕಡೆಯಿಂದ ಹಳೆಯದನ್ನು ಎಳೆದರೆ ಹೊಸದು ಅದರ ಹಿಂದೆಯೇ ಹೋಗುತ್ತದೆ. ನಾನು ಮುಂದೆ ಬ್ಯಾಟರಿಯ ಪಕ್ಕ ಕುಳಿತು ವಾಯರ್ ಬಿಡುವುದು, ಅವನು ಹಿಂದೆ ಇಂಜಿನಿನ ಅಡಿ ಮಲಗಿ ಎಳೆಯುವುದು. ಕೂಗಿದರೆ ಕೇಳುವುದಿಲ್ಲ, ಹಾಗಾಗಿ ವಾಯರಿನಲ್ಲೇ ನಮ್ಮ ಮಾತು. ಎರಡು ಸಲ ಜಗ್ಗಿದರೆ 'ಬಿಡು', ಒಂದೇ ಸಲ ಗಟ್ಟಿಯಾಗಿ ಜಗ್ಗಿದರೆ 'ನಿಲ್ಲಿಸು'.

ಸುರುಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ವಾಯರ್ ಹೋಗಿ ನಿಂತಿತು. ಕಾದೆ. ಕೇಳದೆಂದು ಗೊತ್ತಿದ್ದರೂ ಕೂಗಿದೆ. ವಾಯರ್ ಅಲುಗಲಿಲ್ಲ. ಮಹಾರಾಯ ಮಲಗಿಬಿಟ್ಟ ಎಂದುಕೊಂಡೆ. ವಾಯರ್ ಅವನ ಕೈ ಸೇರಿರಬೇಕು ಎಂದು ನನ್ನ ಅಂದಾಜು. ಈ ತುದಿಯನ್ನು ಬ್ಯಾಟರಿಗೆ ತಾಗಿಸಿದರೆ ಆ ತುದಿ ಇಂಜಿನಿಗೆ ತಗುಲಿ ಚಟಪಟ ಕಿಡಿ ಹಾರುತ್ತದೆ, ಬೆಚ್ಚಿ ಏಳಲಿ, ಬುದ್ಧಿ ಬರಲಿ!

ತುದಿಯನ್ನು ಬ್ಯಾಟರಿಯ ಹತ್ತಿರ ತಂದೆ. ವಾಯರ್ ಒಂದು ಸಲ ಗಟ್ಟಿಯಾಗಿ ಜಗ್ಗಿತು. ಎದ್ದನಲ್ಲ ಎಂದು ನಗು ಬಂತು. ಬಿಡಲಿಲ್ಲ, ಮತ್ತೆ ತಂದೆ. ಮತ್ತೆ ಜಗ್ಗಿತು. ಮೂರನೆಯ ಸಲ ಎಳೆದ ರಭಸಕ್ಕೆ ವಾಯರ್ ಕೈ ಜಾರಿ ಅಂಗೈ ತರಚಿತು. ನನ್ನ ಪಿತ್ತ ನೆತ್ತಿಗೇರಿತು. ಎರಡು ಒದ್ದೇ ಬರೋಣ ಎಂದು ಹಿಂದಕ್ಕೆ ಹೋದೆ.

ವಾಸು ಬೋರಲಾಗಿ ಬಿದ್ದಿದ್ದ. ಪಕ್ಕದಲ್ಲಿ ಇಂಜಿನಿನ ಪೆಟ್ರೋಲ್ ಡಬ್ಬಿ ಉರುಳಿ ತಳವೆಲ್ಲ ಒದ್ದೆ. ನನಗೆ ಅಂದು ಕೆಟ್ಟ ನೆಗಡಿ, ವಾಸನೆ ಗೊತ್ತೇ ಆಗಿರಲಿಲ್ಲ. ಕಾಲು ಹಿಡಿದು ಹೊರಗೆಳೆದು ಮುಖಕ್ಕೆ ನೀರು ಹೊಡೆದೆ. ಬಹಳ ಹೊತ್ತಿಗೆ ಕಣ್ಣು ಬಿಟ್ಟ. ಆಗಲೂ ನಾನು ಕೇಳಿದ್ದು, ಮೂರು ಮೂರು ಸಲ ಯಾಕೆ ಜಗ್ಗಿದೆ ಎಂದು.

"ನಾನೆಲ್ಲಿ ಜಗ್ಗಿದೆ ಭಾವ? ಎಳೀತಿದ್ದ ಹಾಗೆ ಹಳೇ ವಾಯರ್ ನಡುವೆ ತುಂಡಾಗಿ ಕೈಗೆ ಬಂತು. ನಿಮಗೆ ಹೇಳ್ಲಿಕ್ಕೆ ಹೊರಟೆ, ಡಬ್ಬಿ ಉರುಳಿತು, ಅದರ ವಾಸನೆಗೆ ತಲೆ ತಿರುಗಿತು."

ಆ ತುಂಡು ಅವನ ಮುಷ್ಟಿಯಲ್ಲಿ ಇನ್ನೂ ಇತ್ತು. ತಳ ಆರಿದ ಮೇಲೆ ಹಲಗೆ ಎತ್ತಿ ನೋಡಿದೆ. ನಾನು ಕಟ್ಟಿದ ಗಂಟು ನಡುದಾರಿಯಲ್ಲಿ ಒಂದು ಕಬ್ಬಿಣದ ಪೈಪಿನ ಮೇಲೆ ಬಿದ್ದಿತ್ತು. ಅದಕ್ಕೆ ಅಂಟಿಕೊಂಡು ಗೇಣುದ್ದ ಹಳೆಯ ವಾಯರ್. ಅದರಾಚೆ ಏನೂ ಇಲ್ಲ. ನಾನು ಬ್ಯಾಟರಿಗೆ ತಾಗಿಸಿದ್ದರೆ ಕಿಡಿ ಅಲ್ಲೇ, ಆ ಪೆಟ್ರೋಲಿನ ನಡುವೆ ಹಾರುತ್ತಿತ್ತು.

ಅಲೆಗೆ ದೋಣಿ ಅಲುಗಿರಬೇಕು ಎಂದ ಒಬ್ಬ ಪಂಡಿತ. ನೆಲದ ಮೇಲಿದ್ದ ದೋಣಿಗೆ ಎಲ್ಲಿಯ ಅಲೆ? ಇಲಿ ಎಳೆದಿರಬೇಕು ಎಂದ ಇನ್ನೊಬ್ಬ. ನಮ್ಮಿಬ್ಬರ ಸನ್ನೆ ಕಲಿತ ಇಲಿ! ದೋಣಿಯೇ ಕಾಪಾಡಿತು ಎನ್ನುತ್ತಾನೆ ವಾಸು. ಬೂಟು ಮೆಟ್ಟಿ ಹತ್ತಿದವನನ್ನೂ ಸೇರಿಸಿ ಕಾಪಾಡಲು ಅದಕ್ಕೇನು ಬಂದಿತ್ತು?

ತಂಗಿ ಈಗಲೂ ಮಗನ ಹುಟ್ಟುಹಬ್ಬಕ್ಕೆ ಕರೆದು ಮೊದಲ ಎಲೆ ನನಗೇ ಹಾಕುತ್ತಾಳೆ. "ಅಣ್ಣ, ನಿಂಗೆ ಸಂಶಯ ಬಂದು ಹೋಗಿ ನೋಡಿದ್ದಕ್ಕೆ ಇವ್ರು ಉಳಿದ್ರು" ಎನ್ನುತ್ತಾಳೆ. ನಾನು ತಲೆ ತಗ್ಗಿಸಿ ಪಾಯಸ ಉಣ್ಣುತ್ತೇನೆ. ನಾನು ಹೋದದ್ದು ಒದೆಯಲಿಕ್ಕೆ ಎಂದು ಅವಳಿಗೆ ಇಷ್ಟು ವರ್ಷವಾದರೂ ಹೇಳಲಾಗಿಲ್ಲ. ನನ್ನನ್ನು ಅಲ್ಲಿಂದ ಎಬ್ಬಿಸಿ ಕಳಿಸಿದ್ದು ಯಾರೆಂದು ನನಗೂ ಗೊತ್ತಾಗಿಲ್ಲ.