ಸೇಡಿಗೆಂದು ತಂದ ಹೆಣ್ಣು ನಾಯಿ

ಹೋದ ತಿಂಗಳು ಅಟ್ಟದ ಮೇಲಿನ ಹಳೆಯ ತಗಡಿನ ಡಬ್ಬಿ ತೆಗೆದಾಗ ಮೊದಲು ಹೊರಬಂದದ್ದು ವಾಸನೆ. ಔಡಲೆಣ್ಣೆ ಕುಡಿದ ಚಕ್ಕಳದ ವಾಸನೆ. ಆಮೇಲೆ ಕೈಗೆ ಸಿಕ್ಕಿದ್ದು ನಾಯಿಯ ಕೊರಳಪಟ್ಟಿ. ತೋಳ ಬಾಯಿ ಹಾಕಿದರೆ ತೋಳಕ್ಕೇ ಗಾಯವಾಗಲಿ ಎಂದು ಅದರ ಸುತ್ತಲೂ ಹೊರಮುಖವಾಗಿ ಮೊಳೆ ಬಡಿಸಿದ್ದೆ. ಬಡಿಸುವಾಗ ನನ್ನ ಮನಸ್ಸಿನಲ್ಲಿದ್ದದ್ದು ತೋಳವಲ್ಲ, ಮಗ್ಗಲ ಹೊಲದ ಕಾಕಾ. ಈ ವಯಸ್ಸಿನಲ್ಲಾದರೂ ಅದನ್ನು ಒಪ್ಪಿಕೊಳ್ಳಬೇಕು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ದೇವದುರ್ಗ ತಾಲೂಕಿನಲ್ಲಿ, ಗೂಗಲ್ ಎಂಬ ಊರಿನ ಕಡೆಗೆ, ನನ್ನದೊಂದು ಸಣ್ಣ ದೊಡ್ಡಿ ಇತ್ತು. ನಲವತ್ತರ ಆಸುಪಾಸು ಕುರಿ, ಎರಡು ಎಮ್ಮೆ, ಹೆಸರಿಗೊಂದು ನಾಯಿ. ಆ ನಾಯಿ ಮುಪ್ಪಿನಿಂದ ವೇದಾಂತಿಯಾಗಿತ್ತು. ಕಳ್ಳನಿಗೂ ಅಳಿಯನಿಗೂ ಭೇದ ಎಣಿಸುತ್ತಿರಲಿಲ್ಲ. ಬದುವಿನ ಆಚೆ ಕಾಕಾನ ಹೊಲ, ಅವನ ಮೇಕೆಗಳು, ಅವನ ಎರಡು ಬೇಟೆನಾಯಿಗಳು. ನಿಜಾಮನ ಕಾಲ ಕಂಡಿದ್ದ ಕಾಕಾ ಅವುಗಳಿಗೆ ಅಂದಿನ ಹುದ್ದೆಗಳನ್ನೇ ದಯಪಾಲಿಸಿದ್ದ. ಸಂತೆಯಿಂದ ತಂದದ್ದು ಜಮಾದಾರ. ಅಪ್ಪನ ಕಾಲದಿಂದ ಇಳಿದು ಬಂದ ಮುಧೋಳದ ರಕ್ತದ್ದು ತಾಲೂಕ್ದಾರ, ಅಂದರೆ ಆಗಿನ ಕಲೆಕ್ಟರ್. ಆ ಮನೆತನದಲ್ಲಿ ಹೆಣ್ಣು ನಾಯಿ ಕಟ್ಟುವ ಪದ್ಧತಿಯೇ ಇರಲಿಲ್ಲ. ತಮ್ಮ ಗಂಡಿನಿಂದ ಯಾರ ಮನೆಯ ಹೆಣ್ಣು ಮರಿ ಹಾಕಿತೋ ಅವರಿಂದ ಒಂದು ಗಂಡುಮರಿ ಕೇಳಿ ತರುವುದು. ಸುತ್ತಲಿನವರೆಲ್ಲ ಒಪ್ಪಿದ್ದ ಹಕ್ಕು ಅದು.

ಒಂದು ಬೆಳಿಗ್ಗೆ ತಾಲೂಕ್ದಾರ ಬದು ಹಾರಿ ಬಂದು ನನ್ನ ಗಬ್ಬದ ಕುರಿಯ ಗಂಟಲು ಹಿಡಿದ. ನಾನು ಓಡಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಕಾಕಾ ಬದುವಿನ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದ. ಸಂಜೆ ಚಹಾದಂಗಡಿಯಲ್ಲಿ ಹತ್ತು ಮಂದಿಯ ಎದುರು ಕೇಳಿದರೆ, ಬಸಿಯಿಂದ ಚಹಾ ಹೀರುತ್ತಾ ಹೇಳಿದ:

"ನನ್ನ ನಾಯಿ ಕಡದಿಲ್ಲೋ ತಮ್ಮಾ. ಬರೇ ವಾಸನಿ ನೋಡ್ಯಾದ. ನಿನ್ನ ಕುರಿ ಅಂಜಿ ಸತ್ತದ."

"ಗಂಟಲದಾಗ ನಾಕು ತೂತು ಅದಾವಲ್ರೀ ಕಾಕಾ?"

"ಮುಳ್ಳಬೇಲಿ ಹಾಕೀದಿ. ಚುಚ್ಚಿರಬೇಕು."

ಇಡೀ ಅಂಗಡಿ ನಕ್ಕಿತು. ನನಗೆ ಕುರಿಯ ಬೆಲೆ ಬೇಕಿರಲಿಲ್ಲ. 'ನನ್ನ ನಾಯೇ ಕಡಿದದ್ದು' ಎಂಬ ಮಾತು ಅವನ ಬಾಯಿಂದ ಬರಬೇಕಿತ್ತು. ಬರುವ ತನಕ ಆ ಅಂಗಡಿಯ ಚಹಾ ಮುಟ್ಟುವುದಿಲ್ಲ ಎಂದು ಘೋರ ಪ್ರತಿಜ್ಞೆ ಮಾಡಿದೆ. ಇದರಿಂದ ಕಾಕಾನಿಗೆ ಯಾವ ತೊಂದರೆಯೂ ಆಗಲಿಲ್ಲವೆಂಬುದನ್ನು ಸತ್ಯಕ್ಕಾಗಿ ದಾಖಲಿಸುತ್ತಿದ್ದೇನೆ.

ಹೀಗಿರುವಲ್ಲಿ ದೊಡ್ಡಿಗೆ ಹೊಸ ನಾಯಿ ಆರಿಸುವ ಕಾರ್ಯಕ್ಕೆ ಕೈಹಾಕಿದೆ. ಹೆಂಡತಿಗೆ ಹೇಳಿದ ಉದ್ದೇಶ ಕುರಿ ಕಾಯುವುದು. ಹೇಳದಿದ್ದ ಉದ್ದೇಶ ತಾಲೂಕ್ದಾರನ ಎರಡೂ ಕಿವಿ.

ಮೊದಲು ರಾಯಚೂರಿಗೆ ಹೋದೆ. ಅಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಮನೆಯಲ್ಲಿ ಅಲ್ಸೇಶಿಯನ್ ಮರಿಗಳಿದ್ದವು. ಅವುಗಳ ತಾಯಿ ಫ್ಯಾನಿನ ಕೆಳಗೆ, ಒದ್ದೆ ಗೋಣಿಚೀಲದ ಮೇಲೆ, ನಾಲಿಗೆ ಚಾಚಿ ಪವಡಿಸಿತ್ತು. "ಹತ್ತು ಗಂಟಿ ಆದಮ್ಯಾಲೆ ಬಿಸಿಲಿಗಿ ಬಿಡಬ್ಯಾಡ್ರಿ, ತಡಕೊಳ್ಳಂಗಿಲ್ಲ," ಎಂದರು ಸಾಹುಕಾರರು. ಹತ್ತರಿಂದ ಐದರ ತನಕ ರಜೆ ಬೇಡುವ ನೌಕರ ನನಗೆ ಬೇಡವಾಗಿತ್ತು. ಮುಧೋಳದ್ದನ್ನೇ ತರೋಣವೆಂದರೆ, ಅದು ಮೊಲ ಕಂಡರೆ ಕುರಿ ಮರೆಯುವ ಜಾತಿ; ಮೇಲಾಗಿ ವೈರಿಯ ಬೀಗರನ್ನು ಮನೆಗೆ ಕರೆದಂತೆ. ಕೊನೆಗೆ ಮಾನ್ವಿ ತಾಲೂಕಿನ ಪೋತ್ನಾಳಕ್ಕೆ ಹೋದೆ. ಅಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಒಬ್ಬ ಹಿರಿಯ ಕುರುಬ ಹಿಂಡು ಬಿಟ್ಟುಕೊಂಡಿದ್ದ.

"ನಾಯಿ ಯಾತಕ್ಕ ಬೇಕ್ರಿ?" ಎಂದ.

"ಜೋರಾಗಿ ಕಡೀಬೇಕು."

"ಯಾರನ್ನ?"

"...ತ್ವಾಳನ್ನ."

ಅವನು ನನ್ನ ಮುಖ ನೋಡಿದ. "ಎರಡು ಕಾಲಿನ ತ್ವಾಳೇನ್ರಿ?"

ಅವನು ಕುರಿಗಳ ನಡುವೆ ತನ್ನ ಮರಿಗಳನ್ನು ಬಿಟ್ಟ. ಒಂದು ಬೊಗಳಿತು, ಎರಡು ಓಡಿದವು. ಒಂದು ಮಾತ್ರ ಕುರಿಯೊಂದರ ಹೊಟ್ಟೆಗೆ ಬೆನ್ನು ಕೊಟ್ಟು ಮಲಗಿತು. "ಇದನ್ನ ಒಯ್ರಿ. ಕುರೀನ ತನ್ನ ಬಳಗ ಅಂತ ತಿಳಕೊಂತದ," ಎಂದ. ಎತ್ತಿ ನೋಡಿದೆ.

"ಇದು ಹೆಣ್ಣು ಅದಲ್ಲೋ ಯಪ್ಪಾ!"

"ಗಂಡು ಊರೆಲ್ಲಾ ತಿರಗತಾವ್ರಿ. ಹೆಣ್ಣು ಜಾಗಾ ಬಿಟ್ಟು ಕದಲಂಗಿಲ್ಲ."

ಮನೆಗೆ ತಂದರೆ ಹೆಂಡತಿ, "ಯುದ್ಧಕ್ಕಂತ ಹೋಗಿ ಸೊಸಿ ಕರಕೊಂಡು ಬಂದ್ರೇನು?" ಎಂದಳು. ಬದುವಿನ ಆಚೆಯಿಂದ ಕಾಕಾ ಕೂಗಿದ: "ಲೇ ತಮ್ಮಾ, ಹೆಣ್ಣು ಕಟ್ಟೀದೇನೋ? ತಾಲೂಕ್ದಾರ ಗಡಗಡ ನಡಗಾಕತ್ತಾನ ನೋಡು!"

ನಗಲಿ ಎಂದುಕೊಂಡೆ. ಮರಿ ಕುರಿಗಳ ನಡುವೆಯೇ ಬೆಳೆಯಿತು, ಕೊರಳಿಗೆ ಮೊಳೆಯ ಪಟ್ಟಿ ಬಂತು. ಎರಡನೆಯ ವರ್ಷ ಬೆದೆಗೆ ಬಂತು. ಮೊಳೆಗಳಿಂದ ಆಗದ ಕೆಲಸ ಸೃಷ್ಟಿಯ ನಿಯಮದಿಂದ ಆಯಿತು. ತಾಲೂಕ್ದಾರ, ಜಮಾದಾರ ಇಬ್ಬರೂ ಹುದ್ದೆ ತೊರೆದು ನನ್ನ ಬೇಲಿಯ ಮುಂದೆ ಠಿಕಾಣಿ ಹೂಡಿದರು. ಕಾಕಾ ಕರೆದ, ಬೈದ, ಹಗ್ಗ ಹಾಕಿ ಎಳೆದೊಯ್ದ. ಹಗ್ಗ ಕಡಿದುಕೊಂಡು ಮತ್ತೆ ಬಂದರು. ನಾನು ಅವರನ್ನು ಓಡಿಸಲಿಲ್ಲ. ಅಧಿಕಾರಿಗಳನ್ನು ಓಡಿಸುವ ಅಧಿಕಾರ ನನಗೆಲ್ಲಿಯದು?

ಐದನೆಯ ದಿನ, ಹಾಡಹಗಲೇ, ಕಾವಲಿಲ್ಲದ ಕಾಕಾನ ಹಿಂಡಿಗೆ ತೋಳ ನುಗ್ಗಿ ಮೂರು ಮೇಕೆ ಕೊಂದಿತು. ಅವನ ಕೂಗು ಸ್ಪಷ್ಟವಾಗಿ ಕೇಳಿಸಿತು. ಓಡಬಹುದಿತ್ತು. ನಾನು ಎಲೆಗೆ ಸುಣ್ಣ ಹಚ್ಚುತ್ತಿದ್ದೆ... ಇನ್ನಷ್ಟು ನಿಧಾನವಾಗಿ ಹಚ್ಚಿದೆ.

ಸಂಜೆ ಚಹಾದಂಗಡಿಗೆ ಹೋದೆ. ಚಹಾ ಕುಡಿಯಲಿಲ್ಲ. ತಲೆ ತಗ್ಗಿಸಿ ಕೂತಿದ್ದ ಕಾಕಾನ ಎದುರು ನಿಂತು ಸಂತಾಪ ಸೂಚಿಸಿದೆ: "ತ್ವಾಳ ಕಡದಿಲ್ಲ ಬಿಡ್ರಿ ಕಾಕಾ. ಬರೇ ವಾಸನಿ ನೋಡ್ಯಾದ. ನಿಮ್ಮ ಮ್ಯಾಕಿ ಅಂಜಿ ಸತ್ತಾವ."

ಅಂಗಡಿ ಮತ್ತೆ ನಕ್ಕಿತು, ಈ ಸಲ ನನ್ನ ಪರವಾಗಿ. ಆ ನಗು ಇವತ್ತಿಗೂ ಕಿವಿಗೆ ಹಿತ. ಆದರೆ ಅಷ್ಟಕ್ಕೆ ನಿಲ್ಲುವ ಮನುಷ್ಯ ನಾನಲ್ಲ. ಸಮ ಆಗಿತ್ತು, ನನಗೆ ಗೆಲ್ಲಬೇಕಿತ್ತು.

ನಾಯಿ ನಾಲ್ಕು ಮರಿ ಹಾಕಿತು. ಅವುಗಳಲ್ಲಿ ಒಂದೇ ಗಂಡು. ಅದು ಮೂತಿಯಿಂದ ಬಾಲದ ತನಕ ಸಣ್ಣ ತಾಲೂಕ್ದಾರ. ಮರಿಗಳು ಓಡಾಡುವ ಹೊತ್ತಿಗೆ ದೊಡ್ಡ ತಾಲೂಕ್ದಾರ ಹಾವು ಕಡಿದು ಸತ್ತ. ಮರುದಿನ ಕಾಕಾ ಬದುವಿನ ತನಕ ಬಂದು ನಿಂತ.

"ತಮ್ಮಾ, ಆ ಗಂಡುಮರಿ ನನಗ ಕೊಡು. ನಮ್ಮಪ್ಪನ ನಾಯಿ ರಕ್ತ ಅದೊಂದ ಉಳದದ."

"ಮೊದಲ ಆ ಮಾತು ಹೇಳ್ರಿ."

ಯಾವ ಮಾತು ಎಂದು ಅವನು ಕೇಳಲಿಲ್ಲ. ನನ್ನ ಕುರಿಗಳ ಕಡೆ ನೋಡಿದ. ಆಮೇಲೆ ತಲೆಯ ಮೇಲಿನ ರುಮಾಲು ತೆಗೆದ. ರುಮಾಲಿಲ್ಲದ ಅವನ ತಲೆಯನ್ನು ನಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲ.

"ನನ್ನ ನಾಯೇ ಕಡದಿತ್ತು. ಕಣ್ಣಾರೆ ನೋಡೀನಿ. ಮಂದಿ ಮುಂದ ಹ್ಯಾಂಗ ಹೇಳ್ಲಿ ಅಂತ... ತಪ್ಪಾತು ತಮ್ಮಾ."

"ಸೋಮವಾರ ಬರ್ರಿ," ಎಂದೆ.

ಭಾನುವಾರ ಮಾನ್ವಿ ಕಡೆಗೆ ಹೊರಟಿದ್ದ ಕುರುಬರ ಹಿಂಡೊಂದು ನಮ್ಮ ದಾರಿಯಲ್ಲಿ ಹಾದುಹೋಯಿತು. ನಾಲ್ಕೂ ಮರಿಗಳನ್ನು ಅವರ ಕಂಬಳಿಯಲ್ಲಿ ಹಾಕಿದೆ. ಕೈ ನಡುಗಿತು ಎಂದು ಬರೆದರೆ ಲೇಖನಕ್ಕೆ ಶೋಭೆ, ಆದರೆ ನಡುಗಲಿಲ್ಲ.

ಸೋಮವಾರ ಕಾಕಾ ಮೊದಲ ಸಲ ನನ್ನ ಬೇಲಿ ದಾಟಿ ಒಳಗೆ ಬಂದ. ಹೆಗಲ ಮೇಲೆ ಮರಿಗೆಂದು ಮೆತ್ತನೆಯ ಹಳೆಯ ಧೋತರ, ಕೈಯಲ್ಲಿ ಮುಚ್ಚಿದ ಬೋಗುಣಿ.

"ಹೋದ್ವಲ್ರೀ ಕಾಕಾ," ಎಂದೆ. "ನಿನ್ನೆ ಕುರುಬರಿಗೆ ಕೊಟ್ಟೆ."

ಬೈಯುತ್ತಾನೆ ಎಂದು ಕಾದೆ. ಉತ್ತರಗಳನ್ನು ಸಿದ್ಧವಾಗಿಟ್ಟುಕೊಂಡಿದ್ದೆ, ಒಂದಕ್ಕಿಂತ ಒಂದು ಚೂಪು. ಅವನು ಮರಿಗಳು ಮಲಗುತ್ತಿದ್ದ ಖಾಲಿ ಬುಟ್ಟಿಯ ಕಡೆ ಒಮ್ಮೆ ನೋಡಿದ. ನಾಯಿಯ ಮುಂದೆ ಕೂತು ಬೋಗುಣಿ ಬಿಚ್ಚಿದ. ಬೆಲ್ಲ ಹಾಕಿ ಕಾಯಿಸಿದ ಜೋಳದ ಗಂಜಿ.

"ಬಾಣಂತಿಗಂತ ತಂದಿದ್ದೆ," ಎಂದ.

ಅದು ಕುಡಿದು ಮುಗಿಸುವ ತನಕ ಕೂತಿದ್ದು, ಬೋಗುಣಿ ಎತ್ತಿಕೊಂಡು ಹೋದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು: "ಈ ಸಲ ಕಡದವರು ಯಾರ್ರೀ?"

ಹದಿನೈದು ದಿನ ತಡೆದು, ಎಮ್ಮೆ ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಪೋತ್ನಾಳದ ಕಡೆ ಹೋದೆ. ಆ ಹಿಂಡು ಅಲ್ಲಿಂದಲೂ ಮುಂದೆ ಹೋಗಿತ್ತು. ಎರಡು ಊರು ಹಿಂಬಾಲಿಸಿದೆ. ಒಬ್ಬರು ಕವಿತಾಳದ ದಾರಿ ಅಂದರು, ಇನ್ನೊಬ್ಬರು ಹೊಳೆಯ ಕಡೆ... ಬರಿಗೈಯಲ್ಲಿ ಬಂದೆ. ಹುಡುಕಲು ಹೋಗಿದ್ದೆ ಎಂದಾದರೂ ಕಾಕಾನಿಗೆ ಹೇಳಬಹುದಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಾ ಮೂರು ವರ್ಷ ಬದುವಿನ ಈಚೆ ಗಂಭೀರವಾಗಿ ಕೂತೆ. ನಾಲ್ಕನೆಯ ವರ್ಷ ಅವನು ತೀರಿಕೊಂಡ. ಮತ್ತೆ ನಾಯಿ ಕಟ್ಟಲಿಲ್ಲವಂತೆ.

ಆಮೇಲೆ ಕಾಲುವೆ ನೀರು ಬಂತು. ಕುರಿ ಹೋದವು, ಹೊಲ ಗದ್ದೆಯಾಯಿತು. ಕಾಕಾನ ಮಕ್ಕಳಿಂದ ಕೊಂಡವರು ನೆಲ ಮಟ್ಟ ಮಾಡುವಾಗ ಬದುವನ್ನೂ ಕೆಡವಿದರು. ಅವನು ರುಮಾಲು ತೆಗೆದು ನಿಂತ ಜಾಗದಲ್ಲಿ ಈಗ ಮೊಣಕಾಲುದ್ದ ನೀರು. ಮೊನ್ನೆ ಅಲ್ಲಿಗೆ ಹೋಗಿ ನಿಂತೆ. 'ತಪ್ಪಾತು' ಎಂದು ಅವನು ಹೇಳಿದ್ದ ಮಾತನ್ನೇ, ಮೆಲ್ಲಗೆ ಹೇಳಿದೆ. ಸಸಿ ನಾಟುತ್ತಿದ್ದ ಹೆಣ್ಣುಮಗಳೊಬ್ಬಳು ಸೊಂಟ ನೆಟ್ಟಗೆ ಮಾಡಿ ನೋಡಿದಳು.

"ಯಾರ ಕೂಡ ಮಾತಾಡಾಕತ್ತೀ ಯಜ್ಜಾ?"

"ನಾಯಿ ಕರಿಯಾಕತ್ತೀನಿ," ಎಂದೆ.

"ಇಲ್ಲಿ ನಾಯಿ ಎಲ್ಲಿ ಅದ?"

ಇಲ್ಲವೆಂದು ಒಪ್ಪಿಕೊಂಡೆ.