ಅಣ್ಣ ಓದಿದ ಬೋರ್ಡು

ನಮ್ಮಣ್ಣ ಕೂತರೆ ಮುರಿಯದ ಕುರ್ಚಿ ಮನೆಯಲ್ಲಿ ಒಂದೇ ಇತ್ತು, ಅದು ಕಬ್ಬಿಣದ್ದು. ತೂಕ ನೂರಾ ಎಂಟು ಕೆಜಿ. ಎಲ್ಲರೂ ಅವನನ್ನು ಐಸ್‌ಗಡ್ಡೆ ಎಂದೇ ಕರೆಯುತ್ತಿದ್ದರು. ಐಸ್ ಫ್ಯಾಕ್ಟರಿಯಲ್ಲಿ ಇಬ್ಬರು ಏದುಸಿರು ಬಿಟ್ಟು ಎತ್ತುವ ಗಡ್ಡೆಯನ್ನು ಇವನು ಹೆಗಲಿಗೆ ಗೋಣಿಚೀಲ ಹಾಸಿಕೊಂಡು ಒಬ್ಬನೇ ಹೊರುತ್ತಿದ್ದ. ಬಾಕ್ಸಿಂಗ್ ಕೋಚ್ ಅಲ್ಲಿಗೆ ಬಂದದ್ದು ತಮ್ಮ ಹುಡುಗರ ಊದಿದ ಮುಖಗಳಿಗೆ ಐಸ್ ಒಯ್ಯಲು. ಐಸನ್ನು ಅಲ್ಲೇ ಮರೆತು ಅಣ್ಣನನ್ನು ಕರೆದುಕೊಂಡು ಹೋದರು.

"ಇವನಿಗೆ ಯಾರ ಮೇಲೂ ಸಿಟ್ಟೇ ಬರಲ್ಲ, ಇವನೇನು ಹೊಡೀತಾನೆ?" ಎಂದು ಅಮ್ಮ ಮೂಗು ಮುರಿದಳು.

"ಸಿಟ್ಟು ಬೇಡಮ್ಮ. ಎದುರಿಗಿರೋನು ಎಷ್ಟು ದೂರದಲ್ಲಿದ್ದಾನೆ ಅಂತ ಕಣ್ಣಿಗೆ ಗೊತ್ತಾದ್ರೆ ಸಾಕು," ಎಂದರು ಕೋಚ್.

ಅಣ್ಣನ ಕಣ್ಣಿಗೆ ಅದು ಗೊತ್ತಿತ್ತು. ಬಾಕ್ಸಿಂಗ್‌ಗೆ ಸೇರಿದ ಆರನೆಯ ವರ್ಷಕ್ಕೆ ಅವನು ಹೆವಿವೇಯ್ಟ್ ಚಾಂಪಿಯನ್ ಆದ. ಗೆದ್ದ ಬೆಲ್ಟನ್ನು ಅಮ್ಮ ಹಳೆಯ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು, ಧೂಳು ಕೂರುತ್ತದಂತೆ. ಯಾರಾದರೂ ನೋಡಬೇಕೆಂದರೆ ಕೈ ತೊಳೆದು ಬರಬೇಕಿತ್ತು.

ನಾನು ಅಷ್ಟರಲ್ಲಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದ್ದೆ. ಒಂದು ಬೆಳಿಗ್ಗೆ ಅಣ್ಣ ಚೊಂಬಿನ ನೀರನ್ನು ಲೋಟದ ಪಕ್ಕಕ್ಕೆ ಸುರಿದ. ನಾನು ಬಿದ್ದು ಬಿದ್ದು ನಕ್ಕೆ. ಮರುದಿನವೂ ಸುರಿದಾಗ ನಗು ಬರಲಿಲ್ಲ. ಎದ್ದು ಹೋಗಿ ಅವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದೆ.

"ಎಷ್ಟು ಬೆರಳು, ಹೇಳು."

ಅವನು ನನ್ನ ಕೈಯನ್ನು ಮೆಲ್ಲಗೆ ಸರಿಸಿದ. "ಪುಟ್ಟೀ, ಅಮ್ಮಂಗೆ ಹೇಳ್ಬೇಡ."

ಯಾರಿಗೂ ಗೊತ್ತಾಗದಂತೆ ದೂರದ ಆಸ್ಪತ್ರೆಗೆ ಕರೆದೊಯ್ದೆ. ಎಡಗಣ್ಣಿನ ಹಿಂದಿನ ಪರದೆ ಕಿತ್ತು ಬಂದಿದೆ, ಅದು ಇನ್ನು ಸರಿಯಾಗದು, ಮತ್ತೆ ಹೊಡೆತ ತಿಂದರೆ ಬಲಗಣ್ಣೂ ಕೈಬಿಟ್ಟೀತು ಎಂದರು ಅಲ್ಲಿನ ಡಾಕ್ಟರು. ವಾಪಸ್ ಬಂದಾಗ ಅಣ್ಣ ಮನೆಯ ಮೆಟ್ಟಿಲ ಹತ್ತಿರ ನಿಂತು ಕೇಳಿದ: "ಪಂದ್ಯದ ಡಾಕ್ಟರ ಹತ್ರ ನೀನು ವಾರ ವಾರ ಕನ್ನಡಕ ಕೊಡೋಕೆ ಹೋಗ್ತೀಯಲ್ಲ? ಪಂದ್ಯಕ್ಕೆ ಮುಂಚೆ ನಮ್ಮ ಕಣ್ಣು ಪರೀಕ್ಷೆ ಮಾಡೋ ಬೋರ್ಡಲ್ಲಿರೋ ಅಂಕಿ ಬರ್ಕೊಂಡು ಬಾ."

"ಬುದ್ಧಿ ಇದೆಯಾ ನಿನಗೆ?"

"ಒಂದೇ ಪಂದ್ಯ ಕಣೇ. ಸೋತು ಬಾಕ್ಸಿಂಗ್ ಬಿಟ್ಬಿಡ್ತೀನಿ. ಡಾಕ್ಟರು ಬೇಡ ಅಂದ್ರು ಅಂತ ಬೆಲ್ಟ್ ವಾಪಸ್ ಕೊಡೋಕೆ ನನ್ನಿಂದಾಗಲ್ಲ."

ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಅಮ್ಮನಿಗೆ ಹೇಳಲು ಎರಡು ಸಲ ಅಡುಗೆಮನೆಯ ಬಾಗಿಲವರೆಗೆ ಹೋದೆ. ಮೂರನೆಯ ದಿನ ಬರೆದುಕೊಂಡು ಬಂದೆ. ಚಿಕ್ಕವಳಿದ್ದಾಗಿನಿಂದ ಆ ದೊಡ್ಡ ಮನುಷ್ಯ ನನ್ನಲ್ಲಿ ಏನನ್ನೂ ಕೇಳಿದವನಲ್ಲ, ಕೇಳಿದ್ದು ಅದೊಂದೇ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಅಣ್ಣ ಹಿತ್ತಲಲ್ಲಿ ಹಗ್ಗ ಜಿಗಿಯುತ್ತಲೇ ಅದನ್ನು ಬಾಯಿಪಾಠ ಮಾಡಿದ. ಏಳು. ನಾಲ್ಕು, ಎರಡು. ಒಂಬತ್ತು, ಐದು, ಮೂರು. "ಈ ವಯಸ್ಸಲ್ಲಿ ಮಗ್ಗಿ ಕಲೀತಿದ್ದಾನಾ?" ಎಂದು ಅಮ್ಮ ನಕ್ಕಳು. ಪಂದ್ಯದ ಡಾಕ್ಟರು ಬಲಗಣ್ಣು ಮುಚ್ಚಿ ಓದಿಸಿದರು, ಶಹಬ್ಬಾಸ್ ಎಂದು ಸಹಿ ಹಾಕಿದರು.

ಆದರೆ ಅಣ್ಣ ಸೋಲಲಿಲ್ಲ. ಬೇಕೆಂದೇ ಸೋಲಲು ಅವನಿಗೆ ಬರುತ್ತಿರಲಿಲ್ಲ. ದೂರ ತಿಳಿಯದ್ದರಿಂದ ಮೈಗೆ ಮೈ ತಾಗಿಸಿ ನಿಂತು ಹೊಡೆದು ಗೆದ್ದ. ಮತ್ತೆ ಪಂದ್ಯ, ಮತ್ತೆ ಅದೇ ಬೋರ್ಡು. ಪ್ರತಿ ಸಲವೂ "ಇದೇ ಕೊನೆ" ಎಂದ. ನಾನು ಪ್ರತಿ ಸಲವೂ ದೂರದ ಸೀಟಿನಲ್ಲಿ ಹಲ್ಲು ಕಚ್ಚಿ ಕೂತೆ. ಜನ ಐಸ್‌ಗಡ್ಡೆ, ಐಸ್‌ಗಡ್ಡೆ ಎಂದು ಕೂಗುತ್ತಿದ್ದರೆ ನಾನು ಎದುರಾಳಿಯ ಬಲಗೈಯನ್ನೇ ನೋಡುತ್ತಿದ್ದೆ. ಆ ಕೈ ಬರುವುದು ಅಣ್ಣನ ಎಡಗಡೆಯಿಂದ.

ನಾಲ್ಕನೆಯ ಪಂದ್ಯದಲ್ಲಿ ಅದು ಬಂತು. ಇಡೀ ಸಭಾಂಗಣಕ್ಕೆ ಕಂಡಿತು, ಅವನಿಗೆ ಮಾತ್ರ ಕಾಣಲಿಲ್ಲ. ಆಮೇಲಿನ ಹೊಡೆತಗಳೆಲ್ಲ ಬಲಗಣ್ಣಿನ ಮೇಲೆ ಬಿದ್ದವು. ನಾನು ಎದ್ದು ನಿಂತು "ನಿಲ್ಲಿಸೀ" ಎಂದು ಅರಚಿದೆ, ಆ ಗಲಾಟೆಯಲ್ಲಿ ಅದು ಪಕ್ಕದವರಿಗೂ ಕೇಳಿಸಲಿಲ್ಲ.

ಬಲಗಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಅಣ್ಣ ಎಲ್ಲ ಚೆನ್ನಾಗಿ ಕಾಣುತ್ತಿದೆ ಎಂದ. ಅಮ್ಮ ನಂಬಿದಳು. ನಾನೂ ನಂಬಬೇಕೆಂದೇ ಇದ್ದೆ. ಒಂದು ಮಧ್ಯಾಹ್ನ ಅದೇ ಪಂದ್ಯದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕಿಟಕಿಯ ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿದರು. ಕೋಣೆ ಕತ್ತಲಾಯಿತು. ಬೋರ್ಡಿನೊಳಗಿನ ದೀಪದ ಸ್ವಿಚ್ಚು ಆಚೆ ಗೋಡೆಯಲ್ಲಿತ್ತು, ಅವರು ಅತ್ತ ಹೊರಟರು.

ಅಷ್ಟರಲ್ಲಿ ಅಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಶುರುಮಾಡಿದ. "ಏಳು. ನಾಲ್ಕು, ಎರಡು. ಒಂಬತ್ತು, ಐದು, ಮೂರು."

ಡಾಕ್ಟರು ಕತ್ತಲಲ್ಲಿ ನಿಂತುಬಿಟ್ಟರು. ಅಣ್ಣ ಒಂದೊಂದೇ ಸಾಲು ಇಳಿಯುತ್ತಾ, ಎಲ್ಲಕ್ಕಿಂತ ಸಣ್ಣ ಅಂಕಿಗಳ ಕೊನೆಯ ಸಾಲನ್ನೂ ಹೇಳಿ ಮುಗಿಸಿದ.

"ಸರಿಯಾಗಿ ಓದಿದ್ನಾ, ಪುಟ್ಟೀ?"

"ಒಂದೂ ತಪ್ಪಿಲ್ಲ ಅಣ್ಣ," ಎಂದೆ.

ಡಾಕ್ಟರು ಬೋರ್ಡಿನ ದೀಪ ಹಾಕಲಿಲ್ಲ.