ಇಳಿತದ ಹೊತ್ತಿಗೆ ನನ್ನ ಸೊಂಟ

ಕುಮಟಾದ ಫಿಸಿಯೋಥೆರಪಿ ಕೋಣೆಯಿಂದ ಹೊರಬಂದವಳೇ ಅಮ್ಮನಿಗೆ ಫೋನ್ ಮಾಡಿದೆ. ಇಂಥ ಸುದ್ದಿಯನ್ನು ಮನೆಗೆ ಹೋಗಿ, ಕೈಕಾಲು ತೊಳೆದ ಮೇಲೆ ಹೇಳುವವಳು ನಾನು. ಅಂದು ಮೆಟ್ಟಿಲಿಳಿಯುವಷ್ಟೂ ತಾಳ್ಮೆ ಇರಲಿಲ್ಲ.

"ಅಮ್ಮಾ, ಈ ಸೊಂಟನೋವು ಬರೀ ಸೊಂಟನೋವಂತೆ!"

"ಅದಕ್ಕೆ ಇಷ್ಟು ಖುಷಿ ಎಂತಕ್ಕೇ?"

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಮಿದುಳು, ಬೆನ್ನುಹುರಿಗಳ ನರದ ಹೊದಿಕೆ ಅಲ್ಲಲ್ಲಿ ಹಾಳಾಗುವ ಕಾಯಿಲೆ. ಎಡ ಪಾದ ಪೂರ್ತಿ ಮೇಲೇಳುವುದಿಲ್ಲ. ಸೊಂಟವೂ ನೋಯತೊಡಗಿದಾಗ, ಕಾಯಿಲೆ ಮೇಲಕ್ಕೆ ಹತ್ತುತ್ತಿದೆ ಎಂದು ನಾನೇ ತೀರ್ಮಾನಿಸಿ ಸುಮ್ಮನಿದ್ದೆ. ಅಮ್ಮನಿಗೆ ಗೊತ್ತಾಯಿತು. ಅಘನಾಶಿನಿ ಹೊಳೆಯಲ್ಲಿ ಬಗ್ಗಿ ಬಳಚು ಎನ್ನುವ ಚಿಪ್ಪುಮೀನು ಹೆಕ್ಕುವ ನಮ್ಮ ಕೇರಿಯ ಹೆಂಗಸರಿಗೆ ಸೊಂಟನೋವಿನ ಮದ್ದು ಒಂದೇ: ಎಣ್ಣೆ ತಿಕ್ಕಿ, ಹಂಡೆಯ ಸುಡುನೀರು ಹೊಯ್ಯುವುದು. ಅಮ್ಮ ಹೊಯ್ದಳು. ಬಚ್ಚಲಿಂದ ಏಳಹೋದರೆ ಎರಡೂ ಕಾಲು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಸರಿಯಾಯಿತು. ಆದರೆ ಚಿಕ್ಕಂದಿನಿಂದ ರಜೆಯಲ್ಲೆಲ್ಲ ಅವಳ ಜೊತೆ ಚಿಪ್ಪು ಹೆಕ್ಕಿದ್ದ ನನ್ನನ್ನು ಅವಳು ಅಂದಿನಿಂದ ಹೊಳೆಗೆ ಇಳಿಸಿರಲಿಲ್ಲ.

ಫಿಸಿಯೋಥೆರಪಿಯವರು ನಾನು ನಡೆಯುವುದನ್ನು ಮೊಬೈಲಿನಲ್ಲಿ ಹಿಡಿದು ತೋರಿಸಿದ್ದರು. ಎಡಗಾಲ ಬೆರಳು ನೆಲಕ್ಕೆ ತಾಗಬಾರದೆಂದು ಹೆಜ್ಜೆಹೆಜ್ಜೆಗೂ ಸೊಂಟವನ್ನೇ ಎತ್ತುತ್ತಿದ್ದೆ!

"ಪಾದ ರಜೆ ಹಾಕಿದೆ, ಸೊಂಟ ಎರಡು ಡ್ಯೂಟಿ ಮಾಡ್ತಾ ಇದೆ. ನೋಯದೆ ಎಂತ ಮಾಡ್ತದೆ?" ಎಂದಿದ್ದರು.

ಪಾದವನ್ನು ಎತ್ತಿಹಿಡಿಯಲು ಒಂದು ಪಟ್ಟಿ ಕೊಟ್ಟಿದ್ದರು, ದಿನವೂ ಮೂರು ವ್ಯಾಯಾಮ. ಸುಡುನೀರು ಬೇಡ, ಬಿಸಿಗೆ ನನ್ನ ನರಗಳು ಸ್ವಲ್ಪ ಹೊತ್ತು ಮಂಕಾಗುತ್ತವೆ. ಹೊಳೆ? ಸೊಂಟ ಹಗುರಾದ ಮೇಲೆ, ಜೊತೆಗೆ ಯಾರಾದರೂ ಇದ್ದರೆ, ಮೊಣಕಾಲಿನ ತನಕ.

ಎರಡು ತಿಂಗಳು ವ್ಯಾಯಾಮ ಮಾಡಿದೆ. ಅಮಾವಾಸ್ಯೆಯ ಸಂಜೆ ಸಮುದ್ರದ ಇಳಿತಕ್ಕೆ ಹೊಳೆಯ ನೀರೂ ಚೆನ್ನಾಗಿ ಇಳಿದಿತ್ತು. ಪಟ್ಟಿಯನ್ನು ದಡದಲ್ಲಿ ಬಿಚ್ಚಿಟ್ಟು, ಅಮ್ಮನ ತೋಳು ಹಿಡಿದು ಇಳಿದೆ. ತಣ್ಣಗಿನ ಕೆಸರು! ಬಳಚನ್ನು ಹುಡುಕುವುದು ಅಂಗಾಲಿನಿಂದ. ನನ್ನ ಎಡ ಅಂಗಾಲಿಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ, ಅದನ್ನು ಊರಿಟ್ಟು ಬಲಗಾಲಿನಿಂದ ತಡಕಿದೆ. ಗಟ್ಟಿಯಾದದ್ದೇನೋ ತಾಗಿತು.

"ಸಿಕ್ತು!" ಎಂದು ಕೂಗಿಬಿಟ್ಟೆ.

"ಎಂತದೇ, ಬಂಗಾರನಾ?" ಪಕ್ಕದಲ್ಲಿದ್ದ ನೆರೆಮನೆಯ ಅಕ್ಕ ನಕ್ಕಳು.

ಬುಟ್ಟಿಯ ತಳ ಮುಚ್ಚುವಷ್ಟರಲ್ಲಿ ಅಮ್ಮ ನನ್ನ ಮುಖ ನೋಡಿದಳು.

"ಸೊಂಟ ನೋಯ್ತದ್ಯನೇ?"

ಸುಳ್ಳು ಹೇಳಬಹುದಿತ್ತು. "ಹೌದು" ಎಂದೆ.

ಅವಳು ತನ್ನ ಸೊಂಟಕ್ಕೆ ಕೈಯಿಟ್ಟು ನೆಟ್ಟಗಾದಳು. "ನಂಗೂ. ಇನ್ನೊಂದ್ ಹಿಡಿ ಹೆಕ್ಕು, ಮತ್ತೆ ಮನೆಗೆ ಹೋಪ."